ಮರದ ಪೆನ್ನಿನ ಮೈಗೆ ಯಾವ ಮೆರುಗು?

ಕೈಯಾರೆ ಕಡೆದ ಮರದ ಪೆನ್ನು ಮಾರಾಟಕ್ಕೆ ಬಂದರೆ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅದರ ಹೊಳಪಿನ ಮೇಲೆ. ಗಾಜಿನೊಳಗೆ ಮರವನ್ನು ಕೂರಿಸಿದಂತೆ ಕಾಣುವ ಆ ಹೊಳಪು ಇಂದು ಬಹುಮಟ್ಟಿಗೆ ಎಣ್ಣೆಯದೂ ಅಲ್ಲ, ವಾರ್ನಿಷಿನದೂ ಅಲ್ಲ; ಸಯನೋಅಕ್ರಿಲೇಟ್ ಎಂಬ ಅಂಟಿನದು. ಫೆವಿಕ್ವಿಕ್ ಎಂದರೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಅದೇ ಜಾತಿಯ ಅಂಟು. ಮುರಿದ ಪಿಂಗಾಣಿ ಕೂಡಿಸಲು ಬಳಸುವ ಈ ದ್ರವವನ್ನು ಪದರ ಪದರವಾಗಿ ಮರದ ಮೇಲೆ ಹಚ್ಚಿ, ಉಜ್ಜಿ, ಕನ್ನಡಿಯಂತೆ ಹೊಳೆಸುವ ವಿಧಾನ ಪೆನ್ನು ಕಡೆಯುವವರಲ್ಲಿ ಜಗತ್ತಿನಾದ್ಯಂತ ಹಬ್ಬಿದೆ. ಜೊತೆಗೇ ಜಗಳವೂ ಹಬ್ಬಿದೆ. ಮರದ ಪೆನ್ನಿಗೆ ಪ್ಲಾಸ್ಟಿಕ್ ಹೊದಿಕೆ ಏಕೆ ಎಂದು ಒಂದು ಗುಂಪು ಕೇಳುತ್ತದೆ. ಹೊದಿಕೆ ಇಲ್ಲದ ಪೆನ್ನು ಎಷ್ಟು ದಿನ ಬಾಳುತ್ತದೆ ಎಂದು ಇನ್ನೊಂದು ಗುಂಪು ತಿರುಗಿ ಕೇಳುತ್ತದೆ.

ಈ ಜಗಳ ಕುರ್ಚಿ, ಮೇಜು, ಪೆಟ್ಟಿಗೆಗಳ ವಿಷಯದಲ್ಲಿ ಇಷ್ಟು ಬಿಸಿಯೇರುವುದಿಲ್ಲ. ಅದಕ್ಕೆ ಕಾರಣ ಪೆನ್ನಿನ ಬಾಳುವೆಯಲ್ಲೇ ಇದೆ. ಅವು ಯಾವುವೂ ಪೆನ್ನಿನಂತೆ ಗಂಟೆಗಟ್ಟಲೆ ಬೆವರುವ ಬೆರಳುಗಳ ನಡುವೆ ಇರುವುದಿಲ್ಲ, ಜೇಬಿನಲ್ಲಿ ಬೀಗದ ಕೈಗಳ ಜೊತೆ ಉಜ್ಜಾಡುವುದಿಲ್ಲ. ಅದೂ ಅಲ್ಲದೆ ಪೆನ್ನಿನಲ್ಲಿರುವ ಮರ ತೀರಾ ತೆಳು. ಬಹುಪಾಲು ಹವ್ಯಾಸಿಗಳು ಮೊದಲು ಕಡೆಯುವ ಸಣ್ಣ ಬಾಲ್‌ಪೆನ್ನಿನಲ್ಲಿ 7 ಮಿ.ಮೀ. ಹಿತ್ತಾಳೆ ಕೊಳವೆಯ ಮೇಲೆ ಮರ ಕೂತಿರುತ್ತದೆ. ತುದಿಗಳಲ್ಲಿ ಅದರ ದಪ್ಪ ಒಂದು ಮಿ.ಮೀ.ಗಿಂತಲೂ ಕಡಿಮೆ. ಅಷ್ಟು ತೆಳ್ಳಗಿನ ಮರಕ್ಕೆ ಏನು ಹಚ್ಚಬೇಕು ಎಂಬುದು ಅಲಂಕಾರದ ಪ್ರಶ್ನೆಯಷ್ಟೇ ಅಲ್ಲ.

ಅರಗಿನಿಂದ ಅಂಟಿಗೆ

ತಿರುಗುವ ಮರಕ್ಕೆ ಮೆರುಗು ಕೊಡುವ ಹಳೆಯ ವಸ್ತು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳ ಮೇಲೆ ಬದುಕುವ ಅರಗಿನ ಹುಳು ಸ್ರವಿಸುವ ರಾಳ ಅದು. ನಮ್ಮ ಚನ್ನಪಟ್ಟಣದಲ್ಲಿ ಅದನ್ನು ಬಣ್ಣದ ಕಡ್ಡಿಯಾಗಿ ಮಾಡಿ, ತಿರುಗುತ್ತಿರುವ ಹಾಲೆ ಮರದ ಮೇಲೆ ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಕೇದಗೆಯ ಗರಿ ಹಿಡಿದು ಸವರಿದರೆ ಹೊಳಪೇಳುತ್ತದೆ. ಆಂಧ್ರದ ಏಟಿಕೊಪ್ಪಾಕ, ಗುಜರಾತಿನ ಸಂಖೇಡಾಗಳಲ್ಲೂ ಇದೇ ಅರಗು ಬೇರೆ ಬೇರೆ ರೂಪದಲ್ಲಿದೆ. ಯುರೋಪಿನವರು ಅದನ್ನೇ ಆಲ್ಕೋಹಾಲಿನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಹಚ್ಚಿ ಫ್ರೆಂಚ್ ಪಾಲಿಶ್ ಎಂದರು.

ಪೆನ್ನಿಗೆ ಲೇಪ ಬೇಕಾದದ್ದು ಮರದ ಕಾರಣಕ್ಕೇ ಮೊದಲಾದುದಲ್ಲ ಎಂಬುದನ್ನೂ ನೆನೆಯಬೇಕು. ಜಪಾನಿನಲ್ಲಿ 1918ರಲ್ಲಿ ರ್‍ಯೋಸುಕೆ ನಮಿಕಿ ಕಟ್ಟಿದ, ಮುಂದೆ ಪೈಲಟ್ ಎಂದು ಹೆಸರಾದ ಕಂಪನಿಯ ಪೆನ್ನುಗಳು ಎಬೊನೈಟಿನವು. ಬೆಳಕಿಗೆ ಎಬೊನೈಟ್ ಬಣ್ಣಗೆಡುತ್ತಿತ್ತು. ಅದನ್ನು ತಡೆಯಲು ಅವರು ಉರುಶಿ ಎಂಬ ಮರದ ಹಾಲಿನ ಲೇಪಕ್ಕೆ ಕೈಹಾಕಿದರು. ಆ ಲೇಪವೇ ಮುಂದೆ ಚಿನ್ನದ ಪುಡಿಯ ಚಿತ್ತಾರದ ಪೆನ್ನುಗಳಿಗೆ ನೆಲೆಯಾಯಿತು. ಆ ಪೆನ್ನುಗಳ ಮೇಲಿನ ಹೊಳಪು ಹುಟ್ಟಿದ್ದು ರಕ್ಷಣೆಯ ಗರಜಿನಿಂದ, ಅಂದ ಆಮೇಲೆ ಬಂತು.

ಅಂಟಿನ ಕಥೆ ಯುದ್ಧದಲ್ಲಿ ಶುರುವಾಗುತ್ತದೆ. 1942ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಯನೋಅಕ್ರಿಲೇಟ್ ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಅದನ್ನು ಬದಿಗಿಟ್ಟರು. 1951ರಲ್ಲಿ ಟೆನೆಸಿಯಲ್ಲಿ ಕೂವರ್ ಕೈಕೆಳಗಿದ್ದ ಫ್ರೆಡ್ ಜಾಯ್ನರ್, ಬೆಳಕಿನ ವಕ್ರೀಭವನ ಅಳೆಯುವ ಉಪಕರಣದ ಎರಡು ಪಟ್ಟಕಗಳ ನಡುವೆ ಇದನ್ನು ಹಾಕಿದಾಗ ಅವು ಬಿಡಿಸಲಾಗದಂತೆ ಕಚ್ಚಿಕೊಂಡವು. ದೋಷವೇ ಗುಣ ಎಂದು ಆಗ ಹೊಳೆಯಿತು. 1958ರಲ್ಲಿ ಈಸ್ಟ್‌ಮನ್ 910 ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು.

ಮರ ಕಡೆಯುವವರು ಇದನ್ನು ಮೊದಲು ಬಳಸಿದ್ದು ಬಿರುಕು, ಹುಳುತೂತುಗಳನ್ನು ತುಂಬಲು. ತುಂಬಿದ ಜಾಗ ಉಜ್ಜಿದ ಮೇಲೆ ಸುತ್ತಲಿನ ಮರಕ್ಕಿಂತ ಹೆಚ್ಚು ಹೊಳೆಯುವುದು ಅವರ ಕಣ್ಣಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಸಿದ್ಧ ಲೋಹಭಾಗಗಳ ಪೆನ್ನಿನ ಕಿಟ್‌ಗಳು ಸುಲಭವಾಗಿ ಸಿಗತೊಡಗಿ, ಮನೆಯಲ್ಲೇ ಪೆನ್ನು ಕಡೆಯುವ ಹವ್ಯಾಸ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಬೆಳೆದಾಗ ಅಂಟೂ ಅದರ ಜೊತೆಗೇ ಬೆಳೆಯಿತು.

ಅಂಟಿನ ಪಕ್ಷ

ಅಂಟಿನವರ ವಾದ ತಿಳಿಯಲು ಕೆಲಸವನ್ನೇ ಹತ್ತಿರದಿಂದ ನೋಡಬೇಕು. ಕಡೆದ ತುಂಡು ಲೇತಿನ ಮೇಲೆ ನಿಧಾನವಾಗಿ ತಿರುಗುತ್ತಿದೆ. 150ರಿಂದ 600ರವರೆಗೆ ಸ್ಯಾಂಡ್ ಪೇಪರ್ ಹಿಡಿದು, ಕೊನೆಗೆ ಲೇತ್ ನಿಲ್ಲಿಸಿ ನಾರಿನ ಉದ್ದಕ್ಕೂ ಒಂದು ಕೈ ಉಜ್ಜಿ, ದೂಳು ಒರೆಸಿ ಆಗಿದೆ. ಮಡಿಸಿದ ಪೇಪರ್ ಟವೆಲ್ಲಿನ ತುಂಡಿಗೆ ನೀರಿನಷ್ಟು ತೆಳ್ಳಗಿನ ಅಂಟನ್ನು ಎರಡು ಮೂರು ಹನಿ ಹಾಕಿ, ಮರದ ಅಡಿಯಿಂದ ತಾಗಿಸಿ, ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಒಯ್ಯಬೇಕು. ಹಿಂದಕ್ಕೆ ಬರುವಂತಿಲ್ಲ, ನಡುವೆ ನಿಲ್ಲುವಂತಿಲ್ಲ. ನಿಂತರೆ ಕಾಗದ ಅಲ್ಲೇ ಕಚ್ಚಿಕೊಂಡು ಬಿಳಿ ಎಳೆ ಉಳಿಯುತ್ತದೆ. ಮೊದಲ ಪದರಗಳನ್ನು ಮರ ಕುಡಿದುಬಿಡುತ್ತದೆ. ಆಮೇಲೆ ಮಧ್ಯಮ ಮಂದದ ಅಂಟಿನ ಪದರಗಳು ಬರುತ್ತವೆ. ಆರು ಸಾಕು ಎನ್ನುವವರಿದ್ದಾರೆ, ಹನ್ನೆರಡಕ್ಕೂ ಹೆಚ್ಚು ಹಾಕುವವರಿದ್ದಾರೆ. ಕೊನೆಗೆ 1500ರಿಂದ 12000ದವರೆಗಿನ ಮೈಕ್ರೋಮೆಶ್ ಎಂಬ ಅತಿ ನಯವಾದ ಉಜ್ಜುಹಾಳೆಯ ತುಂಡುಗಳಲ್ಲಿ ನೀರು ಹಾಕಿ ಉಜ್ಜಿ, ಪ್ಲಾಸ್ಟಿಕ್ ಪಾಲಿಶ್ ಹಾಕಿದರೆ ಮುಖ ಕಾಣುವ ಹೊಳಪು.

ಇಷ್ಟು ಬೇಗ ಇದು ಗಟ್ಟಿಯಾಗುವುದು ಹೇಗೆ? ಸಯನೋಅಕ್ರಿಲೇಟ್ ಒಣಗುವುದಿಲ್ಲ, ಹೆಣೆದುಕೊಳ್ಳುತ್ತದೆ. ಅದರ ಅಣುಗಳು ಒಂದರ ಬಾಲಕ್ಕೊಂದು ಸೇರಿ ಸರಪಣಿಯಾಗಲು ಒಂದು ಚಿಕ್ಕ ಪ್ರಚೋದನೆ ಸಾಕು; ಗಾಳಿಯ ತೇವ, ಮರದ ಮೈಯ ತೇವವೇ ಅದನ್ನು ಕೊಡುತ್ತದೆ. ಬಾಟಲಿಯೊಳಗೆ ಹೆಣೆದುಕೊಳ್ಳದಂತೆ ತಡೆಯಲು ಸ್ವಲ್ಪ ಆಮ್ಲ ಬೆರೆಸಿರುತ್ತಾರೆ. ಮೈ ಆಮ್ಲೀಯವಾಗಿರುವ ಮರಗಳ ಮೇಲೆ, ಬೀಟೆಯ ಕುಲದಂಥ ಎಣ್ಣೆಯಂಶದ ಮರಗಳ ಮೇಲೆ ಅಂಟು ತಡವರಿಸುವುದು ಇದೇ ರಸಾಯನದ ಇನ್ನೊಂದು ಮುಖ. ಅಂಥ ಮರಗಳನ್ನು ಮೊದಲು ಅಸಿಟೋನಿನಲ್ಲಿ ಒರೆಸುವ ರೂಢಿ ಬಂದದ್ದು ಅದಕ್ಕೇ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ತೊಂದರೆ ತಿರುಗಾಮುರುಗಾ: ತೇವ ಹೆಚ್ಚಾಗಿ ಅಂಟು ಬಲುಬೇಗ ಹಿಡಿಯುತ್ತದೆ, ಗಟ್ಟಿಯಾಗದೆ ಆವಿಯಾದ ಅಂಶ ಮತ್ತೆ ಮೈಮೇಲೆ ಬಿಳಿ ಬೂದಿಯಾಗಿ ಕೂರುತ್ತದೆ.

ಈ ಪಕ್ಷ ಸಾಧಿಸಿ ತೋರಿಸಿರುವುದು ಕಡಿಮೆಯೇನಲ್ಲ. ಪದರ ಗಟ್ಟಿ. ಬೆವರಿಗೆ ಜಗ್ಗುವುದಿಲ್ಲ. ಒಂದೇ ಸಂಜೆಯಲ್ಲಿ ಕೆಲಸ ಮುಗಿಯುತ್ತದೆ. ಎಣ್ಣೆಯ ವಾರ್ನಿಷ್ ಆದರೆ ದಿನಗಟ್ಟಲೆ ಕಾಯಬೇಕು. ಮರದ ರಂಧ್ರಗಳಲ್ಲಿ ಅಂಟು ತುಂಬಿದಾಗ ಅಲ್ಲಿ ಚೆದರಿಹೋಗುತ್ತಿದ್ದ ಬೆಳಕು ಒಳಗಿಳಿದು ಮರಳುವುದರಿಂದ ನಾರಿನ ಸುಳಿ ಆಳವಾಗಿ ಕಾಣುತ್ತದೆ. ಗಂಟುಮರ, ಸುರುಳಿನಾರಿನ ಮರಗಳಲ್ಲಿ ಈ ಆಳವನ್ನು ನೋಡಿದವರು ಅಂಟಿನ ಪಕ್ಷಕ್ಕೆ ಸೇರುವುದು ಸಹಜ.

ಸೋಲುಗಳೂ ಅದರದೇ ಬಗೆಯವು. ಸಯನೋಅಕ್ರಿಲೇಟ್ ಗಟ್ಟಿ, ಆದರೆ ಪೆಡಸು. ಕಲ್ಲುನೆಲಕ್ಕೆ ಬಿದ್ದರೆ ಚಕ್ಕೆ ಏಳಬಹುದು. ಸಾಮಾನ್ಯವಾಗಿ ಕಾಣುವ ಇನ್ನೊಂದು ದೋಷ ತುದಿಯ ಬಿಳಿಗೆರೆ. ನೀರು ಹಾಕಿ ಉಜ್ಜುವಾಗ ಕೊಳವೆಯ ತುದಿಯಲ್ಲಿ ತೆರೆದುಕೊಂಡ ನಾರು ನೀರು ಹೀರಿ, ಪದರ ಅಲ್ಲಿಂದ ಎದ್ದು, ಲೋಹದ ಉಂಗುರದ ಪಕ್ಕದಲ್ಲೇ ಮಂಜು ಕಟ್ಟಿದಂತಾಗುತ್ತದೆ. ಒಮ್ಮೆ ಬಂದರೆ ಪಾಲಿಶಿಗೆ ಹೋಗುವುದಿಲ್ಲ, ಪದರ ಕಡೆದು ತೆಗೆಯಬೇಕು. ಉಜ್ಜುವ ಮೊದಲೇ ತುದಿಗಳಿಗೆ ಒಂದೊಂದು ಹನಿ ತೆಳು ಅಂಟು ಕುಡಿಸಿದರೆ ಈ ಪಾಡು ತಪ್ಪುತ್ತದೆ. ಈ ಒಂದು ಹೆಜ್ಜೆ ಬಿಟ್ಟು ಅಂಟನ್ನೇ ದೂರುವವರು ಬಹಳ.

ಅಂಟಿನವರ ಒಳಜಗಳ

ಅಂಟು ಹಚ್ಚುವವರೆಲ್ಲ ಒಂದೇ ಮನೆಯವರಲ್ಲ. ಮುಖ್ಯ ಭೇದ ಎರಡು.

ಒಂದು, ಬೇಯಿಸಿದ ಅಗಸೆ ಎಣ್ಣೆಯ ವಿಚಾರ. ಕಾಗದಕ್ಕೆ ಮೊದಲು ಎಣ್ಣೆ, ಮೇಲೆ ಅಂಟು ಹಾಕಿ ಹಚ್ಚುವ ಕ್ರಮ ಬಹುಕಾಲದಿಂದ ಇದೆ. ಎಣ್ಣೆಯಿಂದ ಕಾಗದ ಜಾರುತ್ತದೆ, ಗೆರೆ ಬೀಳುವುದಿಲ್ಲ, ಮರದ ಬಣ್ಣ ಏರುತ್ತದೆ ಎಂಬುದು ಅದರ ಪರವಾದ ಮಾತು. ಗಟ್ಟಿಯಾಗಲು ತಾಸುಗಟ್ಟಲೆ, ದಿನಗಟ್ಟಲೆ ಬೇಕಾದ ಎಣ್ಣೆಯನ್ನು ಕ್ಷಣಗಳಲ್ಲಿ ಗಟ್ಟಿಯಾಗುವ ಅಂಟಿನೊಳಗೆ ಸಿಕ್ಕಿಸಿದರೆ ಪದರ ಮೆತ್ತಗಾಗದೇ ಎಂಬುದು ವಿರೋಧ. ಎಣ್ಣೆ ಜಾರುಕವಾಗಿ ನೆರವಾಗುವುದು ಕೈಗೆ ತಿಳಿಯುವ ಸಂಗತಿ; ಪದರದ ಒಳಗೆ ಅದು ಬಲ ಕೊಡುತ್ತದೆಂಬ ಮಾತಿಗೆ ನನಗೆ ಆಧಾರ ಕಂಡಿಲ್ಲ. ಎಣ್ಣೆಯನ್ನು ಮೊದಲ ಪದರಕ್ಕೂ ಮೊದಲೇ ಮರಕ್ಕೆ ಉಣಿಸಿ, ಚೆನ್ನಾಗಿ ಒರೆಸಿ, ಪೂರ್ತಿ ಆರಲು ಬಿಟ್ಟು ಮುಂದುವರಿಯುವುದು ಮೇಲು.

ಎರಡು, ವೇಗವರ್ಧಕ. ಅಮೀನ್ ಬೆರೆತ ದ್ರಾವಣವನ್ನು ಸಿಂಪಡಿಸಿದರೆ ಅಂಟು ತಕ್ಷಣ ಹಿಡಿಯುತ್ತದೆ. ಹತ್ತಿರದಿಂದ, ಹೆಚ್ಚಾಗಿ ಸಿಂಪಡಿಸಿದರೆ ಪ್ರತಿಕ್ರಿಯೆಯ ಶಾಖಕ್ಕೆ ಪದರ ಕುದಿದು ಸಣ್ಣ ಗುಳ್ಳೆಗಳೆದ್ದು ಹಾಲುಬಿಳುಪಾಗುತ್ತದೆ. ತಾಳ್ಮೆಯಿಂದ ಗಾಳಿಗೇ ಬಿಡುವವರ ಪದರ ಹೆಚ್ಚು ತಿಳಿಯಾಗಿರುತ್ತದೆ ಎಂಬುದರಲ್ಲಿ ಅನುಭವಿಗಳಲ್ಲಿ ಅಷ್ಟೇನೂ ಭಿನ್ನಮತವಿಲ್ಲ. ಸಂತೆಗೆ ಹತ್ತಾರು ಪೆನ್ನು ಒಯ್ಯಬೇಕಾದವರಿಗೆ ಮಾತ್ರ ಆ ತಾಳ್ಮೆ ದುಬಾರಿ.

ಅರಗಿನ ಪಕ್ಷ

ಇವರ ಕೈಯಲ್ಲಿರುವುದು ಫ್ರಿಕ್ಷನ್ ಪಾಲಿಶ್: ಆಲ್ಕೋಹಾಲಿನಲ್ಲಿ ಕರಗಿಸಿದ ಅರಗು, ಜೊತೆಗೆ ಎಣ್ಣೆ ಅಥವಾ ಮೇಣ. ವೇಗವಾಗಿ ತಿರುಗುವ ಮರಕ್ಕೆ ಬಟ್ಟೆ ಒತ್ತಿ ಹಿಡಿದರೆ ಶಾಖಕ್ಕೆ ಆಲ್ಕೋಹಾಲ್ ಹಾರಿ ಅರಗು ಹರಡಿಕೊಳ್ಳುತ್ತದೆ. ನಿಮಿಷಗಳ ಕೆಲಸ. ಹೊಳಪು ಬೆಚ್ಚಗಿನದು, ಮರದ್ದೇ ಎನಿಸುವಂಥದು. ಗೀರು ಬಿದ್ದರೆ ಮೇಲೊಂದು ಪದರ ಸಾಕು, ಹೊಸ ಪದರದ ಆಲ್ಕೋಹಾಲ್ ಹಳೆಯದನ್ನು ಕರಗಿಸಿ ಎರಡೂ ಒಂದಾಗುತ್ತವೆ. ಅಂಟಿಗೆ ಈ ಗುಣವಿಲ್ಲ.

ಆದರೆ ಅದೇ ಗುಣ ಪೆನ್ನಿನಲ್ಲಿ ಮುಳುವಾಗುತ್ತದೆ. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕರಗುತ್ತದೆ. ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ಪೆನ್ನು ಕೈಗೆ ಅಂಟಂಟಾಗಲು ಅಷ್ಟು ಬಿಸಿಯೂ ಬೇಕಿಲ್ಲ. ಕ್ಷಾರಕ್ಕೂ ಆಲ್ಕೋಹಾಲಿಗೂ ಅದು ಸೋಲುತ್ತದೆ. 2020ರ ನಂತರ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಪೆನ್ನು ಹಿಡಿಯುವುದು ಆಸ್ಪತ್ರೆ, ಕಚೇರಿಗಳಲ್ಲಿ ದಿನಚರಿಯಾಯಿತು. ಆಲ್ಕೋಹಾಲ್ ತುಂಬಿದ ಆ ದ್ರವ ಅರಗಿನ ಪೆನ್ನಿಗೆ ನೇರ ಶತ್ರು. ಈ ಒಂದು ಕಾರಣದಿಂದಲೇ ದಿನನಿತ್ಯ ಬಳಸುವ ಪೆನ್ನಿಗೆ ತೆಳು ಅರಗನ್ನು ನಾನು ಸೂಚಿಸಲಾರೆ.

ಚನ್ನಪಟ್ಟಣದ ವಿಧಾನವನ್ನು ಮಾತ್ರ ಇದರ ಜೊತೆ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಅಲ್ಲಿ ದ್ರಾವಕವಿಲ್ಲ, ಅರಗು ಘನರೂಪದಲ್ಲೇ ಬರುತ್ತದೆ, ಪದರ ದಪ್ಪ. ಆ ದಪ್ಪ ಪದರ ಪೆನ್ನಿನ ಮೇಲೆ ವರ್ಷಗಟ್ಟಲೆ ಬೆವರನ್ನು ಹೇಗೆ ತಾಳುತ್ತದೆ ಎಂಬುದನ್ನು ಅಂಟಿನ ಎದುರಿಗಿಟ್ಟು ನೋಡಬೇಕು. ನಮ್ಮ ಕುಶಲಕರ್ಮಿಗಳು ಮತ್ತು ಸಂಶೋಧಕರು ಸೇರಿ ಮಾಡಲು ಯೋಗ್ಯವಾದ ಕೆಲಸ ಇದು.

ಹೊದಿಕೆಯೇ ಬೇಡ ಎನ್ನುವವರು

ಮೂರನೆಯ ಪಕ್ಷಕ್ಕೆ ಪದರವೇ ಬೇಡ. ಟಂಗ್ ಎಣ್ಣೆ, ಅಗಸೆ ಎಣ್ಣೆ, ಕಾರ್ನೌಬಾ ಮೇಣ, ಇಷ್ಟೇ. ಮರ ಹಿಡಿದರೆ ಮರ ಹಿಡಿದಂತಿರಬೇಕು ಎಂಬುದು ಅವರ ಮಾತು, ಅದರಲ್ಲಿ ಹುರುಳಿದೆ. ಅತಿ ನುಣುಪಾದ ಮೈ ಚರ್ಮಕ್ಕೆ ಪೂರ್ತಿಯಾಗಿ ತಾಗುವುದರಿಂದ ತಣ್ಣಗೆನಿಸುತ್ತದೆ, ಬೆವರಿದಾಗ ಜಾರುತ್ತದೆ. ಬರಿಮರ ಬೆವರನ್ನು ಸ್ವಲ್ಪ ಹೀರಿ ಹಿಡಿತ ಕೊಡುತ್ತದೆ. ಕೊಡುವ ಬೆಲೆ ಕೊಳೆ: ಮೇಪಲ್, ಹಾಲೆಯಂಥ ಬಿಳಿಮರಗಳು ತಿಂಗಳುಗಳಲ್ಲೇ ಬೆರಳಿಡುವಲ್ಲಿ ಕಪ್ಪಾಗುತ್ತವೆ. ಬೀಟೆ, ಕರಿಮರದಂಥ ದಟ್ಟ, ಗಾಢ ಬಣ್ಣದ ಮರಗಳಲ್ಲಿ ಆ ಕಪ್ಪು ಕಾಣದು, ಬದಲಿಗೆ ಬಳಕೆಯಿಂದಲೇ ಒಂದು ಮಿದು ಹೊಳಪು ಬರುತ್ತದೆ.

ಶ್ರೀಗಂಧದ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಗಂಧದ ಪೆನ್ನಿಗೆ ಅಂಟಿನ ಹೊದಿಕೆ ಹಾಕುವುದೆಂದರೆ ಅದರ ಪರಿಮಳವನ್ನು ಒಳಗೇ ಹೂಳುವುದು. ಯಾವುದಕ್ಕಾಗಿ ಆ ಮರವನ್ನು ಆರಿಸಿದೆವೋ ಅದನ್ನೇ ಕಳೆದುಕೊಂಡ ಮೇಲೆ ಹೊಳಪು ಯಾರಿಗೆ ಬೇಕು?

ಇನ್ನೊಂದು ದಾರಿ ಇದಕ್ಕೆ ತೀರ ತದ್ವಿರುದ್ಧ. ನಿರ್ವಾತದಲ್ಲಿ ಮರದೊಳಗಿನ ಗಾಳಿ ಎಳೆದು, ರಾಳ ತುಂಬಿ, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಪುಡಿಯಾಗುವಂಥ ಲಡ್ಡುಮರವೂ ಕಡೆಯಲು ಬರುತ್ತದೆ, ಮೇಲೆ ಪದರವಿಲ್ಲದೆಯೂ ಹೊಳೆಯುತ್ತದೆ. ಇಲ್ಲಿ ಪ್ಲಾಸ್ಟಿಕ್ ಮೇಲಿಲ್ಲ, ಒಳಗಿದೆ. ಇದನ್ನು ಮರದ ಪೆನ್ನು ಎನ್ನಬಹುದೇ ಎಂಬ ತಕರಾರು ಇನ್ನೂ ನಡೆದಿದೆ. ಲ್ಯಾಕರ್, ಪಾಲಿಯುರಿಥೇನ್, ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ರಾಳಗಳಿಗೂ ಅವುಗಳದೇ ಬಳಗವಿದೆ. ವಾದದಲ್ಲಿ ಅವು ಅಂಟಿನ ಸೋದರರೇ.

ಉಸಿರಿನ ಲೆಕ್ಕ

ಹೊಳಪಿನ ಚರ್ಚೆಯಲ್ಲಿ ಅತಿ ಕಡಿಮೆ ಜಾಗ ಸಿಗುವುದು ಹಚ್ಚುವವರ ಆರೋಗ್ಯಕ್ಕೆ. ಸಯನೋಅಕ್ರಿಲೇಟಿನ ಆವಿ ಕಣ್ಣು, ಮೂಗು, ಗಂಟಲನ್ನು ಉರಿಸುತ್ತದೆ. ಅದರೊಡನೆ ದಿನವೂ ಕೆಲಸ ಮಾಡುವವರಲ್ಲಿ ಆಸ್ತಮಾ ಕಾಣಿಸಿಕೊಂಡದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಒಮ್ಮೆ ಒಗ್ಗದಂತಾದ ದೇಹ ಮುಂದೆ ಅತ್ಯಲ್ಪ ಪ್ರಮಾಣಕ್ಕೂ ಕೆರಳುತ್ತದೆ. ಪೆನ್ನಿಗೆ ಬಾಗಿ ಕೆಲಸ ಮಾಡುವ ಮುಖಕ್ಕೂ ಆವಿ ಏಳುವ ಜಾಗಕ್ಕೂ ಗೇಣುದ್ದದ ಅಂತರ. ಸಾಮಾನ್ಯ ದೂಳುಮುಸುಕು ಆವಿಯನ್ನು ತಡೆಯುವುದಿಲ್ಲ. ಗಾಳಿಯನ್ನು ಹೊರಗೆ ಸೆಳೆಯುವ ಫ್ಯಾನ್, ಇಲ್ಲವೇ ಆವಿ ಹೀರುವ ಇದ್ದಿಲಿನ ಮುಸುಕು ಬೇಕು. ಹತ್ತಿಬಟ್ಟೆಗೆ ಅಂಟು ಚೆಲ್ಲಿದರೆ ಪ್ರತಿಕ್ರಿಯೆ ರಭಸಗೊಂಡು ಸುಡುವಷ್ಟು ಬಿಸಿಯಾಗಿ ಹೊಗೆಯೇಳಬಹುದು. ಹಾಗಾಗಿ ಹತ್ತಿಯ ಕೈಗವಸು, ಹತ್ತಿಯ ಒರೆಸು ಬಟ್ಟೆ ಎರಡೂ ನಿಷಿದ್ಧ. ಬೆರಳು ಅಂಟಿಕೊಂಡರೆ ಎಳೆಯದೆ ಬೆಚ್ಚನೆಯ ಸೋಪುನೀರಲ್ಲಿ ನೆನೆಸಬೇಕು. ಕಣ್ಣಿಗೆ ಹಾರಿದರೆ ಅಸಿಟೋನ್ ತಾಗಿಸದೆ ನೇರ ಆಸ್ಪತ್ರೆಗೆ ಹೋಗಬೇಕು.

ಅರಗಿನ ಪಕ್ಷಕ್ಕೂ ಎಣ್ಣೆಯ ಪಕ್ಷಕ್ಕೂ ಇಲ್ಲಿ ನಿಜವಾದ ಮೇಲುಗೈ ಇದೆ. ಎಣ್ಣೆ ಒರೆಸಿದ ಬಟ್ಟೆಯುಂಡೆ ತಾನಾಗಿ ಹೊತ್ತಿಕೊಳ್ಳಬಲ್ಲದು ಎಂಬುದನ್ನು ಮಾತ್ರ ಎಣ್ಣೆಯವರು ಮರೆಯಬಾರದು. ಅದನ್ನು ಹರಡಿ ಒಣಹಾಕಬೇಕು.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಆಯುಷ್ಯ. ಪೆನ್ನಿನ ಮೇಲೆ ಅಂಟಿನ ಮೆರುಗು ಕೆಲವೇ ದಶಕಗಳಷ್ಟು ಹಳೆಯದು. ಅರಗು, ಉರುಶಿಗಳಿಗೆ ಶತಮಾನಗಳ ಸಾಕ್ಷ್ಯವಿದೆ. 50 ವರ್ಷದ ಬಳಕೆಯ ನಂತರ ಸಯನೋಅಕ್ರಿಲೇಟ್ ಪದರ ಹಳದಿಯಾಗುತ್ತದೆಯೇ, ಪುಡಿಯಾಗುತ್ತದೆಯೇ, ಹಾಗೇ ಉಳಿಯುತ್ತದೆಯೇ ಎಂದು ಹೇಳಬಲ್ಲ ಪೆನ್ನು ಇನ್ನೂ ಯಾರ ಜೇಬಿನಲ್ಲೂ ಇಲ್ಲ.

ಎರಡನೆಯದು ಮರದ ಉಬ್ಬರವಿಳಿತ. ಯಾವ ಮೆರುಗೂ ತೇವವನ್ನು ಪೂರ್ತಿ ತಡೆಯದು, ನಿಧಾನಗೊಳಿಸುತ್ತದೆ ಅಷ್ಟೆ. ಆಗುಂಬೆಯ ಮಳೆಗಾಲದಲ್ಲಿ ಉಬ್ಬಿದ ಮರ ರಾಯಚೂರಿನ ಬೇಸಿಗೆಯಲ್ಲಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಮಾತ್ರ ಮಿಸುಕದು. ಪೆಡಸು ಪದರ ಆ ಎಳೆದಾಟದಲ್ಲಿ ಮರವನ್ನು ಹಿಡಿದು ಕಾಪಾಡುತ್ತದೋ, ತಾನೇ ಸೀಳುತ್ತದೋ? ಎರಡಕ್ಕೂ ಉದಾಹರಣೆ ಕೊಡುವವರಿದ್ದಾರೆ. ರಬ್ಬರಿನ ಅಂಶ ಬೆರೆಸಿದ, ಬಾಗಬಲ್ಲ ಅಂಟುಗಳು ಇದಕ್ಕೆ ಉತ್ತರವಾಗಬಹುದು, ಆದರೆ ಅವುಗಳ ಹೊಳಪು ಅಷ್ಟೇ ತಿಳಿಯಾಗಿ ಬರುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ.

ಪದರ ಎಷ್ಟಿರಬೇಕು, ಎಣ್ಣೆ ಒಳಗೆ ಏನು ಮಾಡುತ್ತದೆ ಎಂಬವೂ ಹಾಗೇ ಉಳಿದಿವೆ. ಕೈಬೆವರು ಒಬ್ಬೊಬ್ಬರದು ಒಂದೊಂದು ಬಗೆ; ಒಬ್ಬರಿಗೆ ವರ್ಷಗಟ್ಟಲೆ ಬಾಳಿದ್ದು ಇನ್ನೊಬ್ಬರ ಕೈಯಲ್ಲಿ ಆರು ತಿಂಗಳಿಗೆ ಮಂಕಾಗುವುದನ್ನು ಅಳೆಯುವ ಒಪ್ಪಿತ ಪರೀಕ್ಷೆ ಈ ಕರಕುಶಲ ಲೋಕದಲ್ಲಿ ಬಳಕೆಗೆ ಬಂದಿಲ್ಲ.

ಇದ್ದಷ್ಟು ಆಧಾರದ ಮೇಲೆ ನನ್ನ ತೀರ್ಪು ಇಷ್ಟು: ದಿನವೂ ಬರೆಯುವ, ಬಿಳಿ ಅಥವಾ ಮೆದು ಮರದ ಪೆನ್ನಿಗೆ ಅಂಟಿನ ಮೆರುಗಿಗಿಂತ ಭದ್ರವಾದದ್ದು ಸದ್ಯಕ್ಕೆ ಸುಲಭವಾಗಿ ಸಿಗದು, ದಟ್ಟ ಮರಕ್ಕೆ ಎಣ್ಣೆ, ಮೇಣ ಸಾಕು, ಗಂಧವನ್ನು ಮುಚ್ಚಬಾರದು. ಯಾವುದನ್ನೇ ಹಚ್ಚಿರಲಿ, ಕೊಳ್ಳುವವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ಪ್ಲಾಸ್ಟಿಕ್ ಪದರವಿದ್ದರೆ ಪ್ಲಾಸ್ಟಿಕ್ ಪದರ ಎಂದೇ. ಪೆನ್ನು ಕಡೆಯುವ ಓದುಗರಲ್ಲಿ ನನ್ನದೊಂದು ಕೋರಿಕೆ: ಪ್ರತಿ ಪೆನ್ನಿಗೂ ಮರದ ಹೆಸರು, ಅಂಟಿನ ಬಗೆ, ಪದರಗಳ ಸಂಖ್ಯೆ, ತಾರೀಖು ಬರೆದಿಡಿ, ಕೊಂಡವರಿಂದ ಕೆಲವು ವರ್ಷಗಳ ಮೇಲೆ ಒಮ್ಮೆ ಆ ಪೆನ್ನನ್ನು ತರಿಸಿಕೊಂಡು ನೋಡಿ.